ಕಿರುಬಾನುಲಿಯೂ ಆಡುನುಡಿಯೂ

ಬಾನುಲಿ ಬರವಣಿಗೆಯ ಪಾಠಗಳಲ್ಲಿ ವಾಕ್ಯ ಚಿಕ್ಕದಾಗಿರಲಿ, ಪದ ಸುಲಭವಾಗಿರಲಿ ಎಂಬ ಸೂಚನೆಗಳೇ ಹೆಚ್ಚು. ಆಡಿದ ಮಾತು ಎಷ್ಟು ದೂರ ಕೇಳಿಸಲಿದೆ ಎಂಬ ಪ್ರಶ್ನೆ ಅಲ್ಲಿ ಬರುವುದು ಕಡಿಮೆ. ಆದರೆ ಭಾಷೆಯ ಆಯ್ಕೆ ಬಹುಮಟ್ಟಿಗೆ ಆ ದೂರವನ್ನೇ ಅವಲಂಬಿಸಿದೆ. ಹತ್ತಾರು ಜಿಲ್ಲೆಗಳನ್ನು ಮುಟ್ಟುವ ನಿಲಯ ಎಲ್ಲರಿಗೂ ಒಪ್ಪುವ ಶಿಷ್ಟ ಕನ್ನಡವನ್ನು ಆರಿಸಿಕೊಳ್ಳಲೇಬೇಕು. ಹತ್ತು ಕಿಲೊಮೀಟರಿನೊಳಗಿನ ಊರುಗಳಿಗಷ್ಟೇ ಕೇಳಿಸುವ ನಿಲಯಕ್ಕೆ ಆ ಕಟ್ಟಿಲ್ಲ. ಅದು ಆ ಊರುಗಳ ನುಡಿಯಲ್ಲೇ ಮಾತನಾಡಬಹುದು. ಕಾಸರಗೋಡು, ಸೊಲ್ಲಾಪುರ, ಆದೋನಿ, ತಾಳವಾಡಿಗಳ ಕನ್ನಡಗಳು ಪಠ್ಯಪುಸ್ತಕದಲ್ಲಿ ಅಪರೂಪವಾಗಿ ಕಾಣಿಸುವ ಕನ್ನಡಗಳು. ಆದ್ದರಿಂದ ಕಡಿಮೆ ಶಕ್ತಿಯ ಪ್ರಸಾರದ ಸಂಗತಿ ಗಡಿಯಾಚೆಯ ಕನ್ನಡ ವಿದ್ಯಾರ್ಥಿಗಳಿಗೆ ಭಾಷೆಯ ಸಂಗತಿಯೂ ಹೌದು.

ಮೈಸೂರಿನ ಮೂವತ್ತು ವ್ಯಾಟ್

ಕನ್ನಡ ಬಾನುಲಿಯ ಚರಿತ್ರೆ ದೊಡ್ಡ ನಿಲಯದಿಂದ ಆರಂಭವಾಗಲಿಲ್ಲ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರ್ 10ರಂದು ತಮ್ಮ ಮನೆಯಲ್ಲಿಯೇ 30 ವ್ಯಾಟ್ ಶಕ್ತಿಯ ಟ್ರಾನ್ಸ್‌ಮಿಟರಿನಿಂದ ಪ್ರಸಾರ ಆರಂಭಿಸಿದರು. ತೀರ ಚಿಕ್ಕ ಶಕ್ತಿ ಅದು. ಮುಂದೆ 250 ವ್ಯಾಟಿನ ಯಂತ್ರ ಬಂದಿತು. 1942ರಲ್ಲಿ ಮೈಸೂರು ಸಂಸ್ಥಾನದ ಸರಕಾರ ನಿಲಯವನ್ನು ವಹಿಸಿಕೊಂಡಿತು. 1955ರಲ್ಲಿ ಅದು ಬೆಂಗಳೂರಿಗೆ ಸ್ಥಳಾಂತರಗೊಂಡಿತು. ಆ ಮನೆಯ ನಿಲಯಕ್ಕಿದ್ದ ‘ಆಕಾಶವಾಣಿ’ ಎಂಬ ಹೆಸರು 1950ರ ದಶಕದಲ್ಲಿ ಇಡೀ ದೇಶದ ಸರಕಾರಿ ಬಾನುಲಿಯ ಹೆಸರಾಯಿತು. ಗೋಪಾಲಸ್ವಾಮಿಯವರ ಪ್ರಸಾರ ಎಫ್.ಎಂ. ಆಗಿರಲಿಲ್ಲ. ಆದರೂ ವೈಯಕ್ತಿಕ ಕಿರುಪ್ರಸಾರಕ್ಕೆ ಕನ್ನಡನಾಡಿನಲ್ಲಿ ಇದಕ್ಕಿಂತ ಉತ್ತಮ ನಿದರ್ಶನವಿಲ್ಲ.

ಎಫ್.ಎಂ. ಅಲೆಯ ಸ್ವಭಾವ

ಎಫ್.ಎಂ. ವಿಧಾನದಲ್ಲಿ ಧ್ವನಿಗೆ ಅನುಗುಣವಾಗಿ ಅಲೆಯ ಎತ್ತರ ಬದಲಾಗುವುದಿಲ್ಲ, ಅದರ ಕಂಪನಾಂಕ ಬದಲಾಗುತ್ತದೆ. ಅಮೆರಿಕದ ಎಡ್ವಿನ್ ಆರ್ಮ್‌ಸ್ಟ್ರಾಂಗ್ 1933ರಲ್ಲಿ ಇದಕ್ಕೆ ಪೇಟೆಂಟ್ ಪಡೆದರು. ಸಿಡಿಲು, ಮೋಟಾರುಗಳಿಂದ ಬರುವ ಗೊರಗೊರ ಸದ್ದು ಮುಖ್ಯವಾಗಿ ಅಲೆಯ ಎತ್ತರವನ್ನೇ ಕೆಡಿಸುವುದರಿಂದ ಎಫ್.ಎಂ. ಧ್ವನಿ ಸ್ವಚ್ಛವಾಗಿ ಕೇಳಿಸುತ್ತದೆ. ಭಾರತದಲ್ಲಿ ಇದಕ್ಕೆ ಮೀಸಲಾಗಿರುವ ಪಟ್ಟಿ 88ರಿಂದ 108 ಮೆಗಾಹರ್ಟ್ಸ್. ಇಲ್ಲಿ ಅಲೆಯ ಉದ್ದ ಸುಮಾರು 3 ಮೀಟರ್.

ಈ ಅಲೆ ಬಹುಮಟ್ಟಿಗೆ ನೇರ ದಾರಿಯಲ್ಲಿ ಸಾಗುತ್ತದೆ. 30 ಮೀಟರ್ ಎತ್ತರದ ಕಂಬಕ್ಕೆ ಬಯಲು ನೆಲದಲ್ಲಿ ಕಾಣುವ ದಿಗಂತ ಸುಮಾರು 20 ಕಿಲೊಮೀಟರ್ ದೂರದ್ದು. ಬಳ್ಳಾರಿ, ಆದೋನಿಗಳ ಬಯಲಿನಲ್ಲಿ ಕಂಬದ ಎತ್ತರ ಚೆನ್ನಾಗಿ ಫಲಿಸುತ್ತದೆ. ವಯನಾಡು, ನೀಲಗಿರಿಗಳಲ್ಲಿ ಒಂದು ಗುಡ್ಡ ಅಡ್ಡ ಬಂದರೂ ಹಿಂದಿನ ಕಣಿವೆಗೆ ದನಿ ತಲಪದಿರಬಹುದು. ಅಡೆತಡೆಯಿಲ್ಲದ ಬಯಲಿನಲ್ಲೂ ಎರಡರಷ್ಟು ದೂರಕ್ಕೆ ಅಷ್ಟೇ ಬಲದ ಅಲೆ ತಲಪಬೇಕಾದರೆ ಕನಿಷ್ಠ ನಾಲ್ಕರಷ್ಟು ಶಕ್ತಿ ಬೇಕು. ಹೀಗಾಗಿ ಕಿರುನಿಲಯ ಕಟ್ಟುವವರು ವ್ಯಾಟ್ ಹೆಚ್ಚಿಸುವ ಮೊದಲು ಎತ್ತರದ ಜಾಗ ಹುಡುಕುತ್ತಾರೆ.

ಇನ್ನೊಂದು ಗುಣವನ್ನೂ ನೆನಪಿಡಬೇಕು. ಒಂದೇ ಕಂಪನಾಂಕದಲ್ಲಿ ಎರಡು ಎಫ್.ಎಂ. ಅಲೆಗಳು ಬಂದರೆ ರೇಡಿಯೊ ಬಲವಾದುದನ್ನು ಹಿಡಿದು ಇನ್ನೊಂದನ್ನು ನುಂಗಿಹಾಕುತ್ತದೆ. ಹತ್ತಿರದ ಒಂದು ವ್ಯಾಟ್ ದೂರದ ದೊಡ್ಡ ನಿಲಯವನ್ನೇ ಅಳಿಸಬಲ್ಲದು. 108 ಮೆಗಾಹರ್ಟ್ಸ್‌ನಿಂದಾಚೆಗೆ ವಿಮಾನಯಾನದ ಪಟ್ಟಿ ಇದೆ. ಸರಿಯಾಗಿ ಸೋಸದ ಅಗ್ಗದ ಟ್ರಾನ್ಸ್‌ಮಿಟರ್ ತನ್ನ ಪಟ್ಟಿಯಿಂದ ಹೊರಗೂ ಸೋರುವುದುಂಟು. ಪರವಾನಗಿ ಎಂಬ ಏರ್ಪಾಡಿನ ಭೌತಿಕ ಕಾರಣ ಇದು.

ಕಾನೂನು ಏನು ಹೇಳುತ್ತದೆ

ಪೇಟೆಯಲ್ಲಿ ಸಿಗುವ ಬಿಡಿಭಾಗಗಳಿಂದ ಒಂದೆರಡು ವ್ಯಾಟಿನ ಟ್ರಾನ್ಸ್‌ಮಿಟರ್ ಜೋಡಿಸುವುದು ಕಷ್ಟವಲ್ಲ. ಬಿಹಾರದ ವೈಶಾಲಿ ಜಿಲ್ಲೆಯ ಮನ್ಸೂರ್‌ಪುರದಲ್ಲಿ ರೇಡಿಯೊ ರಿಪೇರಿ ಮಾಡುತ್ತಿದ್ದ ಯುವಕನೊಬ್ಬ ಹಾಗೆಯೇ ಊರಿಗೊಂದು ನಿಲಯ ಕಟ್ಟಿದ್ದ. ಜನ ಅದನ್ನು ಮೆಚ್ಚಿದ್ದರು. ಪರವಾನಗಿ ಇಲ್ಲವೆಂಬ ಕಾರಣಕ್ಕೆ 2006ರಲ್ಲಿ ಅದು ಮುಚ್ಚಿಹೋಯಿತು. 1885ರ ಟೆಲಿಗ್ರಾಫ್ ಕಾಯಿದೆ ಮತ್ತು 1933ರ ವೈರ್‌ಲೆಸ್ ಕಾಯಿದೆಯ ಕಾಲದಿಂದಲೂ ಪ್ರಸಾರಕ್ಕೆ ಸರಕಾರದ ಅನುಮತಿ ಬೇಕು. ಉದ್ದೇಶ ಒಳ್ಳೆಯದೆಂಬುದು ಅನುಮತಿಗೆ ಬದಲಿಯಾಗುವುದಿಲ್ಲ.

1995ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಪ್ರಸಾರದ ಅಲೆಗಳು ಸಾರ್ವಜನಿಕ ಸ್ವತ್ತು ಎಂದು ತೀರ್ಪಿತ್ತಿತು. ನಂತರ 2002ರಲ್ಲಿ ಶಿಕ್ಷಣಸಂಸ್ಥೆಗಳಿಗೂ, 2006ರ ನವೆಂಬರಿನಲ್ಲಿ ಲಾಭರಹಿತ ಸೇವಾಸಂಸ್ಥೆಗಳಿಗೂ ಸಮುದಾಯ ಬಾನುಲಿಯ ಬಾಗಿಲು ತೆರೆಯಿತು. 2006ರ ಮಾರ್ಗಸೂಚಿಯ ಪ್ರಕಾರ ವಿಕಿರಣ ಶಕ್ತಿ ಸಾಮಾನ್ಯವಾಗಿ 100 ವ್ಯಾಟ್ ಮೀರಬಾರದು, ಆಂಟೆನಾ 30 ಮೀಟರ್ ಮೀರಬಾರದು. ಕಾರ್ಯಕ್ರಮಗಳಲ್ಲಿ ಕನಿಷ್ಠ ಅರ್ಧದಷ್ಟು ಸ್ಥಳೀಯರ ಪಾಲ್ಗೊಳ್ಳುವಿಕೆಯಿಂದ ರೂಪುಗೊಂಡಿರಬೇಕು. ವ್ಯಕ್ತಿಗಳಿಗೂ ಲಾಭಕ್ಕಾಗಿ ನಡೆಯುವ ವ್ಯಾಪಾರಗಳಿಗೂ ಈ ಅನುಮತಿ ಇಲ್ಲ. ಅಂದರೆ 1935ರ ಪ್ರಾಧ್ಯಾಪಕರು ಇಂದು ಮನೆಯ ಹೆಸರಿನಲ್ಲಿ ಅರ್ಜಿ ಹಾಕಲಾರರು. ಅವರ ಕಾಲೇಜು ಹಾಕಬಹುದು. ಕನ್ನಡ ವಿದ್ಯಾರ್ಥಿಗಳು ವಿಶೇಷವಾಗಿ ಗಮನಿಸಬೇಕಾದ ಮಾತೊಂದು ಅದೇ ಮಾರ್ಗಸೂಚಿಯಲ್ಲಿದೆ: ಕಾರ್ಯಕ್ರಮಗಳು ಆದಷ್ಟೂ ಸ್ಥಳೀಯ ಭಾಷೆಯಲ್ಲಿ ಮತ್ತು ಉಪಭಾಷೆಗಳಲ್ಲಿ ಇರಬೇಕು. ‘ಉಪಭಾಷೆ’ ಎಂಬುದನ್ನು ಸರಕಾರಿ ಬರಹವೊಂದು ಹೀಗೆ ಬಯಸಿ ಹೆಸರಿಸುವುದು ಅಪರೂಪ.

ಮೂರು ನಿದರ್ಶನಗಳು

ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ ‘ನಮ್ಮ ಧ್ವನಿ’ ಎಂಬ ಕೇಂದ್ರ 2000ದ ದಶಕದ ಆರಂಭದಲ್ಲಿ ಹುಟ್ಟಿತು. ಆಗ ಹಳ್ಳಿಯ ಸಂಘಗಳಿಗೆ ಅಲೆಯ ಪರವಾನಗಿ ಸಿಗುತ್ತಿರಲಿಲ್ಲ. ಆದ್ದರಿಂದ ಊರವರೇ ಮಾಡಿದ ಕಾರ್ಯಕ್ರಮಗಳನ್ನು ಟೆಲಿವಿಷನ್ ಕೇಬಲ್ ತಂತಿಯ ಮೂಲಕ ಮನೆಗಳಿಗೆ ಕಳುಹಿಸಲಾಯಿತು.

ಬೀದರಿಗೆ ಹೊಂದಿಕೊಂಡಿರುವ ತೆಲಂಗಾಣದ ಜಹೀರಾಬಾದ್ ಸೀಮೆಯ ಮಾಚನೂರಿನಲ್ಲಿ ದಲಿತ ಮಹಿಳೆಯರು ನಡೆಸುವ ‘ಸಂಘಂ ರೇಡಿಯೊ’ 2008ರ ಅಕ್ಟೋಬರ್ 15ರಂದು ಪ್ರಸಾರ ಆರಂಭಿಸಿತು. ಅನುಮತಿಗಾಗಿ ಕಾದ ವರ್ಷಗಳಲ್ಲಿ ಅವರು ಧ್ವನಿಮುದ್ರಣಗಳನ್ನು ಸಂಘಗಳ ಸಭೆಗಳಲ್ಲಿ ಕೇಳಿಸುತ್ತಿದ್ದರು. ಬಿತ್ತನೆ, ಬೀಜ, ಹಬ್ಬ, ಮದ್ದು ಎಲ್ಲವೂ ಅಲ್ಲಿ ಊರಿನ ತೆಲುಗಿನಲ್ಲಿಯೇ ಬರುತ್ತವೆ, ಪತ್ರಿಕೆಯ ತೆಲುಗಿನಲ್ಲಿ ಅಲ್ಲ.

ವಯನಾಡಿನ ಮಾನಂತವಾಡಿಯ ಸಮೀಪ 2009ರಲ್ಲಿ ಆರಂಭವಾದ ‘ರೇಡಿಯೊ ಮಾಟ್ಟೊಲಿ’ಯ ಹೆಸರಿಗೆ ಮಲಯಾಳದಲ್ಲಿ ಮಾರ್ದನಿ ಎಂದು ಅರ್ಥ. ಅದು ಬುಡಕಟ್ಟುಗಳ ನುಡಿಗಳಿಗೂ ಎಡೆ ಕೊಟ್ಟಿದೆ. ಕನ್ನಡಕ್ಕೆ ಹತ್ತಿರದ ನೆಂಟುಳ್ಳ ಕುರುಬ ಸಮುದಾಯಗಳ ನುಡಿಗಳು ಜೀವಂತವಾಗಿರುವ ಜಿಲ್ಲೆ ಅದು.

ಕಿವಿಗಾಗಿ ಬರೆಯುವ ಕ್ರಮ

ಓದುಗನು ಹಿಂದಿನ ಸಾಲಿಗೆ ಮರಳಬಲ್ಲ, ಕೇಳುಗನು ಮರಳಲಾರ. ಈ ವ್ಯತ್ಯಾಸವನ್ನು ಒಂದು ಪ್ರಕಟಣೆಯ ಮೂಲಕ ಪರಿಶೀಲಿಸಬಹುದು. ಕಚೇರಿಯ ಬರಹ ಹೀಗಿರುತ್ತದೆ: “ಸಾರ್ವಜನಿಕರಿಗೆ ತಿಳಿಯಪಡಿಸುವುದೇನೆಂದರೆ, ಬರುವ ಗುರುವಾರ ಪೂರ್ವಾಹ್ನ 10 ಗಂಟೆಗೆ ಜಾನುವಾರುಗಳಿಗೆ ಕಾಲುಬಾಯಿ ರೋಗದ ಲಸಿಕೆಯನ್ನು ಹಾಕಲಾಗುವುದು.” ಅಕ್ಕಲಕೋಟೆ, ಜತ್ತ ಸೀಮೆಯ ಕೇಳುಗರಿಗೆ ಇದನ್ನೇ ಹೀಗೆ ಹೇಳಬಹುದು: “ಗುರುವಾರ ಮುಂಜಾನೆ ಹತ್ತು ಗಂಟೆಕ್ಕ ಪಂಚಾಯ್ತಿ ಮುಂದ ದನಗೋಳಿಗೆ ಲಸಿಕಿ ಹಾಕ್ತಾರ. ಕಾಲುಬಾಯಿ ಬ್ಯಾನಿ ಬರಬಾರದಂದ್ರ ದನಾ ಹೊಡಕೊಂಡು ಬರ್ರಿ. ಮತ್ತೊಮ್ಮೆ ಕೇಳ್ರಿ, ಗುರುವಾರ, ಹತ್ತು ಗಂಟೆ.”

ಎರಡನೆಯದರಲ್ಲಿ ಕರ್ಮಣಿ ಪ್ರಯೋಗ ಹೋಗಿದೆ, ಸ್ಥಳ ಸ್ಪಷ್ಟವಾಗಿದೆ, ದಿನವೂ ಹೊತ್ತೂ ಎರಡು ಸಲ ಬಂದಿವೆ. ಇವಿಷ್ಟು ಎಲ್ಲ ಬಾನುಲಿ ಬರಹಕ್ಕೂ ಸಲ್ಲುವ ಗುಣಗಳು. ‘ಹಾಕ್ತಾರ’, ‘ಬ್ಯಾನಿ’, ‘ಬರ್ರಿ’ ಎಂಬ ರೂಪಗಳು ಮಾತ್ರ ಕಿರುಪ್ರಸಾರಕ್ಕೆ ವಿಶೇಷವಾಗಿ ಒದಗುವ ಅನುಕೂಲ. ಅದೇ ಪ್ರಕಟಣೆ ಕಾಸರಗೋಡಿಗೆ ಹೋದರೆ ಬೇರೆ ರೂಪಗಳನ್ನು ತಾಳಬೇಕು.

ಇಲ್ಲಿ ಎರಡು ಎಚ್ಚರಿಕೆಗಳು ಅಗತ್ಯ. ಮೊದಲನೆಯದಾಗಿ, ಸಿನಿಮಾ ಮತ್ತು ನಾಟಕಗಳಲ್ಲಿ ಆಡುನುಡಿ ಹಲವು ವೇಳೆ ನಗೆಗಷ್ಟೇ ಬಳಕೆಯಾಗಿದೆ. ಪರೀಕ್ಷೆ, ಸಾಲ, ಬೆಳೆಯ ಬೆಲೆ, ಹೆರಿಗೆಯ ಆರೈಕೆಯಂಥ ಗಂಭೀರ ವಿಷಯಗಳು ಆ ನುಡಿಯಲ್ಲಿ ಬಂದಾಗಲೇ ಅದಕ್ಕೆ ಸಲ್ಲಬೇಕಾದ ಗೌರವ ಸಲ್ಲುತ್ತದೆ. ಎರಡನೆಯದಾಗಿ, ಹತ್ತು ಕಿಲೊಮೀಟರಿನೊಳಗೂ ಕನ್ನಡ ಒಂದೇ ಬಗೆಯದಲ್ಲ. ಕಾಸರಗೋಡಿನ ಹವ್ಯಕ ಮನೆಯ ಕನ್ನಡವನ್ನು ಮಾತ್ರ ಕೇಳಿಸಿ ಅದೇ ಊರಿನ ಕನ್ನಡವೆಂದರೆ ಉಳಿದವರ ದನಿ ಹೊರಗುಳಿಯುತ್ತದೆ. ಯಾರ ಮಾತನ್ನು ಮುದ್ರಿಸಿಕೊಳ್ಳಲಾಗಿದೆ, ಯಾರದು ಬಿಟ್ಟುಹೋಗಿದೆ ಎಂಬ ಪಟ್ಟಿ ನಿಲಯದಲ್ಲಿ ಇರಬೇಕು.

ಪರವಾನಗಿ ದೊರೆಯಲು ಸಮಯ ಹಿಡಿಯುತ್ತದೆ. ಮಾಚನೂರಿನ ಮಹಿಳೆಯರು ಮಾಡಿದಂತೆ ಅದಕ್ಕೆ ಮೊದಲೇ ಮುದ್ರಣ ಆರಂಭಿಸಬಹುದು. ಊರಿನ ಹಿರಿಯರ ಹಾಡು, ಗಾದೆ, ಬೇಸಾಯದ ಪದಗಳು ಸಂಗ್ರಹವಾದರೆ ನಿಲಯ ಬಂದ ದಿನ ಕೇಳಿಸಲು ಸರಕು ಸಿದ್ಧವಿರುತ್ತದೆ. ನಿಲಯ ಬಾರದಿದ್ದರೂ ಆ ನುಡಿಯ ದಾಖಲೆ ಉಳಿಯುತ್ತದೆ.

ಅಭ್ಯಾಸ

1. ಎಫ್.ಎಂ. ಪ್ರಸಾರದ ವ್ಯಾಪ್ತಿಯನ್ನು ನಿರ್ಧರಿಸುವ ಅಂಶಗಳನ್ನು ವಿವರಿಸಿ.
2. ಪ್ರಸಾರದ ವ್ಯಾಪ್ತಿಗೂ ಭಾಷಾರೂಪಕ್ಕೂ ಇರುವ ಸಂಬಂಧವನ್ನು ಒಂದು ನಿದರ್ಶನದೊಂದಿಗೆ ಚರ್ಚಿಸಿ.
3. ಗ್ರಾಮ ಪಂಚಾಯಿತಿಯ ಒಂದು ಪ್ರಕಟಣೆಯನ್ನು ಆರಿಸಿ, ನಿಮ್ಮ ಊರಿನ ಕನ್ನಡದಲ್ಲಿ ಒಂದು ನಿಮಿಷದ ಬಾನುಲಿ ಬರಹವಾಗಿ ಮಾರ್ಪಡಿಸಿ. ಬದಲಾದ ಕ್ರಿಯಾರೂಪಗಳನ್ನು ಪಟ್ಟಿಮಾಡಿ.