ಸೇತುವೆ ನಿಂತಿರುವಾಗಲೇ ನೋಡು

ತಮ್ಮಾ, ಹೆದ್ದಾರಿಯ ಹಳೆ ಸೇತುವೆಗಳ ದೊಡ್ಡ ದುರಸ್ತಿಗೆ ಯೋಜನೆ ಹಾಕುವ ಕೆಲಸ ನಿನ್ನ ಪಾಲಿಗೆ ಬಂದಿದೆಯಂತೆ. ಕೇಳಿ ಸಂತೋಷವಾಯಿತು. ನೀನು ಚುರುಕು, ಓದಿದವನು, ಲೆಕ್ಕದಲ್ಲಿ ಗಟ್ಟಿ. ಒಂದು ಕಡೆ ಅರ್ಧ ಗಂಟೆ ನಿಂತು ನೋಡುವ ತಾಳ್ಮೆ ಮಾತ್ರ ಇಲ್ಲ ಮಾರಾಯ. ಈ ಕೆಲಸಕ್ಕೆ ಬೇಕಾದ್ದೇ ಅದು. ಹಾಗಾಗಿ ಫೋನು ಕೆಳಗಿಟ್ಟು ಕೂತುಕೋ.

ಕಾಳಿ ನಮ್ಮದೇ ಹೊಳೆ. ಹುಟ್ಟುವುದು ನಮ್ಮ ಜೋಯಿಡಾ ತಾಲೂಕಿನ ಡಿಗ್ಗಿಯಲ್ಲಿ, ಕಡಲು ಸೇರುವುದು ಕಾರವಾರದಲ್ಲಿ. ಅಲ್ಲಿ ಕೋಡಿಬಾಗಕ್ಕೂ ಸದಾಶಿವಗಡಕ್ಕೂ ನಡುವೆ ಗೋವಾ ಹೆದ್ದಾರಿಯ ಹಳೆ ಸೇತುವೆ ಇತ್ತು. 1980ರ ದಶಕದ ಮೊದಲಲ್ಲಿ ಕಟ್ಟಿದ್ದು. ಚತುಷ್ಪಥ ಮಾಡುವಾಗ ಪಕ್ಕದಲ್ಲೇ ಹೊಸದು ಎದ್ದಿತು, ಹಳೆಯದು ಒಂದು ಬದಿಯ ವಾಹನಗಳನ್ನು ಹೊರುತ್ತ ಉಳಿಯಿತು. 2024ರ ಆಗಸ್ಟ್ 7ರಂದು ನಡುರಾತ್ರಿ ಕಳೆದು ಒಂದು ಗಂಟೆಯ ಸುಮಾರಿಗೆ ಅದು ಹೊಳೆಗೆ ಕುಸಿಯಿತು. ಜೊತೆಗೆ ಒಂದು ಲಾರಿಯೂ ಬಿತ್ತು. ಚಾಲಕನನ್ನು ಕತ್ತಲಲ್ಲೇ ಜೀವಸಹಿತ ಮೇಲೆ ತಂದರು. ಅದೇ ಬೆಳಗಿನ ಎಂಟು ಗಂಟೆಯಾಗಿದ್ದರೆ? ಶಾಲೆಯ ಬಸ್ಸುಗಳನ್ನು ನೆನೆದರೆ ಈಗಲೂ ನನ್ನ ಎದೆ ಝಲ್ಲೆನ್ನುತ್ತದೆ.

ಈಗಿನ ದೊಡ್ಡ ಸೇತುವೆಗಳನ್ನು 100 ವರ್ಷದ ಬಾಳಿಕೆ ಹಿಡಿದು ವಿನ್ಯಾಸ ಮಾಡುತ್ತೀರಿ. ಕಾಳಿಯ ಆ ಸೇತುವೆ ನಲವತ್ತು ದಾಟಿತ್ತು ಅಷ್ಟೇ. ಪಣಜಿಯ ಮಾಂಡವಿ ಸೇತುವೆ ಇನ್ನೂ ಎಳೆಯದು. 1970ರಲ್ಲಿ ಕಟ್ಟಿದ್ದು 1986ರ ಜುಲೈ 5ಕ್ಕೆ ಬಿತ್ತು. ಆದ್ದರಿಂದ ಪಟ್ಟಿ ಮಾಡುವಾಗ ಬರೇ ವಯಸ್ಸು ನೋಡಿ ಸಾಲು ಹಚ್ಚಬೇಡ. ಯಾವುದು ಉಪ್ಪುನೀರಲ್ಲಿ ನಿಂತಿದೆ, ಯಾವುದರ ಮೇಲೆ ಭಾರದ ಲಾರಿ ಹೆಚ್ಚು, ಯಾವುದು ಕೆಟ್ಟರೆ ಬೇರೆ ದಾರಿಯೇ ಇಲ್ಲ ಎಂದು ನೋಡು.

ಲಾರಿಯ ಭಾರವೇ ಸೇತುವೆಯ ಶತ್ರು ಅಂದುಕೊಂಡಿದ್ದೀಯ. ಅಣಶಿ ಘಟ್ಟದಲ್ಲಿ ರಸ್ತೆ ಕೆಲಸದವರ ಜೊತೆ ಆಯುಸ್ಸು ಕಳೆದ ನಾನು ಹೇಳುತ್ತೇನೆ ಕೇಳು: ನೀರು ಅದಕ್ಕಿಂತ ದೊಡ್ಡ ಶತ್ರು. ಮೇಲಿನ ನೀರು ಹೋಗುವ ಕೊಳವೆಗೆ ಮಣ್ಣು ತುಂಬಿ ಹುಲ್ಲು ಹುಟ್ಟುತ್ತದೆ. ನಿಂತ ನೀರು ತೊಲೆಗಳ ನಡುವಿನ ಜೋಡಣೆಯ ಸಂದಿನಲ್ಲಿ ಇಳಿಯುತ್ತದೆ, ಕೆಳಗಿನ ಬೇರಿಂಗ್ ಮೇಲೆ ಬೀಳುತ್ತದೆ, ಕಂಬದ ತಲೆಯನ್ನು ನೆನೆಸುತ್ತದೆ. ಒಳಗಿನ ಕಬ್ಬಿಣಕ್ಕೆ ತುಕ್ಕು ಹಿಡಿದರೆ ಅದು ಉಬ್ಬಿ ಕಾಂಕ್ರೀಟನ್ನೇ ಸೀಳುತ್ತದೆ. ಕಡಲ ಹತ್ತಿರ ಭರತ-ಇಳಿತಕ್ಕೆ ದಿನಾ ನೆನೆದು ಒಣಗುವ ಕಂಬದ ಪಟ್ಟಿ ಇದೆಯಲ್ಲ, ಮೊದಲು ಕಣ್ಣು ಹಾಕಬೇಕಾದ್ದು ಅಲ್ಲಿಗೆ. ಎಳೆದು ಬಿಗಿದ ಉಕ್ಕಿನ ಕೇಬಲ್ ಇರುವ ಸೇತುವೆಯಾದರೆ ಇನ್ನೂ ಕಷ್ಟ. ಕೇಬಲ್ ಒಳಗೊಳಗೇ ತಿಂದುಹೋಗುತ್ತಿರುತ್ತದೆ, ಹೊರಗಿನ ಬಣ್ಣ ಮಾತ್ರ ಚೆನ್ನಾಗಿರುತ್ತದೆ.

ಹೊಳೆಯ ತಳದ್ದು ಮತ್ತೊಂದು ಕಥೆ. ಮಹಾಪೂರ ಬಂದಾಗ ನೀರು ಕಂಬದ ಬುಡದಲ್ಲಿ ಗುಂಡಿ ತೋಡುತ್ತದೆ. ನೆರೆ ಇಳಿಯುತ್ತಿದ್ದಂತೆ ಅದೇ ಗುಂಡಿಯನ್ನು ಸಡಿಲ ಮರಳಿನಿಂದ ಮುಚ್ಚಿಬಿಡುತ್ತದೆ. ನೀನು ಡಿಸೆಂಬರ್‌ನಲ್ಲಿ ತಂಪು ಕನ್ನಡಕ ಹಾಕಿಕೊಂಡು ಹೋಗಿ ‘ಎಲ್ಲ ಸರಿ ಇದೆ’ ಎಂದು ಬರೆಯುತ್ತೀಯ! ಮಹಾರಾಷ್ಟ್ರದ ಮಹಾಡದಲ್ಲಿ ಸಾವಿತ್ರಿ ನದಿಯ ಬ್ರಿಟಿಷರ ಕಾಲದ ಸೇತುವೆ 2016ರ ಆಗಸ್ಟ್ 2ರ ರಾತ್ರಿ ನೆರೆಯಲ್ಲಿ ಕೊಚ್ಚಿಹೋಯಿತು. ಬಸ್ಸುಗಳು ಜನರ ಸಮೇತ ಹೋದವು. ಹಾಗಾಗಿ ನೆರೆ ಇರುವಾಗಲೇ ತಳದ ಆಳ ಅಳೆಸು, ಇಳಿದ ಮೇಲೆ ಮುಳುಗುಗಾರರನ್ನು ಇಳಿಸು, ಹಿಂದಿನ ವರ್ಷದ ಅಳತೆಯ ಪಕ್ಕದಲ್ಲಿಟ್ಟು ನೋಡು. ಹೊಳೆಯಲ್ಲಿ ಬಲೆ ಹಾಕುವವರನ್ನೂ ಕೇಳು. ಯಾವ ಕಂಬದ ಹತ್ತಿರ ಸುಳಿ ಜಾಗ ಬದಲಿಸಿದೆ ಎಂದು ಅವರಿಗೆ ಗೊತ್ತಿರುತ್ತದೆ. ನಮ್ಮ ಕಾಳಿಯ ಕದ್ರಾ ಅಣೆಕಟ್ಟಿನವರ ಜೊತೆಯೂ ಮಾತಾಡುತ್ತಿರು. ಘಟ್ಟದ ಮೇಲೆ ಮಳೆ ಹುಯ್ದರೆ ಅವರು ಗೇಟು ತೆಗೆಯಲೇಬೇಕು. 2019ರ ಆಗಸ್ಟ್‌ನಲ್ಲಿ ಕೆಳಗಿನ ಊರುಗಳಿಗೆ ನೀರು ನುಗ್ಗಿದ್ದನ್ನು ನೀನೂ ನೋಡಿದ್ದೀಯ.

ನಮ್ಮ ಕಡೆ ಮಳೆಗೆ ಮೊದಲು ಹಂಚು ಕೈಯಾಡಿಸುತ್ತೇವಲ್ಲ, ಸೇತುವೆಗೂ ಅದೇ ಕ್ರಮ. ನಮ್ಮ ಘಟ್ಟದ ಗ್ಯಾಂಗಿನವರು ಮೇ ತಿಂಗಳಲ್ಲಿ ಗಟಾರ ಬಿಡಿಸಿ, ಮೋರಿಯೊಳಗೆ ಕೈ ಹಾಕಿ ಕಸ ತೆಗೆಯುತ್ತಿದ್ದರು. ಯಾವ ಕಟ್ಟೆ ಉಬ್ಬಿದೆ ಎಂದು ಕಣ್ಣು ಮುಚ್ಚಿ ಹೇಳುತ್ತಿದ್ದರು. ಈಗ ನಿಮ್ಮಲ್ಲಿ 2016ರಿಂದ ಸೇತುವೆಗಳ ಲೆಕ್ಕ ಇಡುವ ಗಣಕ ವ್ಯವಸ್ಥೆಯೇ ಇದೆ, ಪ್ರತಿ ಸೇತುವೆಗೂ ಅಂಕ ಇದೆ. ಬಹಳ ಒಳ್ಳೆಯದು. ಆದರೆ ಅಂಕ ಹಾಕುವವನು ಕೆಳಗೆ ಇಳಿದಿರಬೇಕು, ಸುತ್ತಿಗೆಯಿಂದ ಬಡಿದು ಸದ್ದು ಕೇಳಿರಬೇಕು.

ಕೆಲಸದ ಕಾಲ ಇರುವುದು ದೀಪಾವಳಿಯಿಂದ ಮೇ ಮುಗಿಯುವವರೆಗೆ. ಟೆಂಡರು, ನಕ್ಷೆ, ಪರವಾನಗಿ ಎಲ್ಲ ಮಳೆಗಾಲದಲ್ಲೇ ಮುಗಿಯದಿದ್ದರೆ ಒಂದು ವರ್ಷ ಹೋಯಿತು ಎಂದೇ ತಿಳಿ. ಬೇರಿಂಗ್ ಬದಲಿಸುವುದೆಂದರೆ ಜಾಕಿ ಕೊಟ್ಟು ಸೇತುವೆಯನ್ನೇ ಎತ್ತಬೇಕು, ಆ ಹೊತ್ತು ವಾಹನ ನಿಲ್ಲಲೇಬೇಕು. ಯಾವ ರಾತ್ರಿ, ಎಷ್ಟು ತಾಸು ಎಂದು ಊರಿಗೆ, ಬಸ್ಸಿನವರಿಗೆ, ಆಸ್ಪತ್ರೆಗೆ ವಾರ ಮೊದಲೇ ತಿಳಿಸು. ಹೇಳಿ ನಿಲ್ಲಿಸಿದರೆ ನಮ್ಮ ಜನ ಸಹಿಸುತ್ತಾರೆ. ವಾಹನಗಳನ್ನು ಬೇರೆ ದಾರಿಗೆ ತಿರುಗಿಸುವ ಮೊದಲು ಆ ದಾರಿಯ ಸಣ್ಣ ಸೇತುವೆ, ಮೋರಿಗಳನ್ನು ನೋಡಿಕೊಂಡು ಬಾ. ದೊಡ್ಡದನ್ನು ಉಳಿಸಲು ಹೋಗಿ ಚಿಕ್ಕದನ್ನು ಮುರಿದವರು ಬೇಕಾದಷ್ಟು ಜನ ಇದ್ದಾರೆ. ಹೆದ್ದಾರಿ ತುಂಬ ಬರುವ ಲಾರಿಗಳನ್ನು ಅಣಶಿ ಘಟ್ಟಕ್ಕೆ ಹತ್ತಿಸಬೇಡ. ಮಳೆಗಾಲದಲ್ಲಿ ಇಲ್ಲಿ ಗುಡ್ಡವೇ ಜಾರುತ್ತದೆ, ಮೇಲಾಗಿ ಇದು ಹುಲಿ ಕಾಡು.

ಹೊಸ ಸೇತುವೆಗೆ ರಿಬ್ಬನ್ ಕತ್ತರಿಸುತ್ತಾರೆ, ಫೋಟೋ ಬರುತ್ತದೆ. ಕೊಳವೆ ಬಿಡಿಸಿದವನಿಗೆ, ಬೇರಿಂಗ್ ಬದಲಿಸಿದವನಿಗೆ ಯಾರೂ ಹಾರ ಹಾಕುವುದಿಲ್ಲ. ನೀನು ಹೆಸರಿನ ಹಿಂದೆ ಓಡುವ ವಯಸ್ಸಿನವನು, ಅದಕ್ಕೇ ಮೊದಲೇ ಹೇಳಿದೆ. ಅನುಮಾನ ಬಂದ ದಿನವೇ ಭಾರದ ವಾಹನ ತಡೆಯಿರಿ ಎಂದು ಬರೆದು, ತಾರೀಖು ಹಾಕಿ, ಸಹಿ ಮಾಡಿ ಮೇಲಕ್ಕೆ ಕಳಿಸು. ಮೇಲಿನವರು ಬೈದರೆ ಬೈಯಲಿ. ಈ ಸಲ ಮಳೆ ಹಿಡಿಯುವ ಮೊದಲು ನಿನ್ನ ಪಟ್ಟಿಯ ಒಂದೊಂದು ಸೇತುವೆಯ ಅಡಿಗೂ ನೀನೇ ದೋಣಿಯಲ್ಲಿ ಹೋಗಿ ನೋಡಿ ಬಾ.