ಬೇಲಿಯಲ್ಲೇ ಮೇವಿನ ಮರ ಬೆಳೆಸಿರಿ

ಮಾರ್ಚ್ ಕಳೆಯಿತೆಂದರೆ ಬದುವಿನ ಹುಲ್ಲು ಒಣಗುತ್ತದೆ, ಕೊಳವೆ ಬಾವಿಯ ನೀರು ಇಳಿಯುತ್ತದೆ. ರಾಸಿನ ಮುಂದೆ ಉಳಿಯುವುದು ರಾಗಿಹುಲ್ಲು ಮತ್ತು ಚೀಲದ ಪಶು ಆಹಾರ. ರಾಗಿಹುಲ್ಲಿನಲ್ಲಿ ಸಸಾರಜನಕ ಶೇ. 3-4 ಮಾತ್ರ. ಆ ಕೊರತೆಯನ್ನೆಲ್ಲ ಹಿಂಡಿಯಿಂದಲೇ ತುಂಬಿಸಹೊರಟರೆ ಹಾಲಿನ ಬಟವಾಡೆಯಲ್ಲಿ ಮನೆಗೆಂದು ಏನು ಉಳಿದೀತು? ಆಳಕ್ಕೆ ಬೇರು ಬಿಡುವ ಮೇವಿನ ಮರಗಳು ಈ ದಿನಗಳಲ್ಲೂ ಹಸಿರಾಗಿರುತ್ತವೆ. ಅವುಗಳ ಒಣಗಿದ ಸೊಪ್ಪಿನಲ್ಲಿ ಶೇ. 20ಕ್ಕೂ ಮೇಲ್ಪಟ್ಟು ಸಸಾರಜನಕವಿರುತ್ತದೆ. ಬೇರೆ ಜಮೀನು ಬೇಡ, ಹಿತ್ತಲ ಬೇಲಿ ಸಾಕು.

ಎಲ್ಲಕ್ಕಿಂತ ಸುಲಭ ಗೊಬ್ಬರದ ಗಿಡ, ಅಂದರೆ ಗ್ಲಿರಿಸೀಡಿಯ. ಹೆಬ್ಬೆರಳಿಗಿಂತ ದಪ್ಪದ, ಮೂರು-ನಾಲ್ಕು ಅಡಿ ಉದ್ದದ ಬಲಿತ ಗೂಟವನ್ನು ಬುಡದಲ್ಲಿ ಓರೆಯಾಗಿ ಕತ್ತರಿಸಿ, ಮುಂಗಾರು ಹಿಡಿಯುತ್ತಲೇ ಒಂದಡಿ ಆಳಕ್ಕೆ ನೆಟ್ಟರೆ ಬೇರು ಬರುತ್ತದೆ. ಮೊದಲ ವರ್ಷ ಸೊಪ್ಪು ಕೊಯ್ಯಬಾರದು. ಇದರ ವಾಸನೆಗೆ ಹಸು ಮೊದಲು ಮೂತಿ ತಿರುಗಿಸುವುದುಂಟು. ಸೊಪ್ಪನ್ನು ಅರ್ಧ ದಿನ ಬಾಡಿಸಿ, ಹುಲ್ಲಿನೊಡನೆ ಸ್ವಲ್ಪ ಸ್ವಲ್ಪ ಬೆರೆಸಿ ರೂಢಿ ಮಾಡಿಸಬೇಕು. ಕುದುರೆಗೆ ಮಾತ್ರ ಇದು ವಿಷ.

ವೀಳ್ಯದೆಲೆ ತೋಟದವರಿಗೆ ಅಗಸೆ ಮರ ಹೊಸತಲ್ಲ. ಬಳ್ಳಿ ಹಬ್ಬಿಸಲು ಅವರು ಬಳಸುವುದು ಅದನ್ನೇ. ಎಣ್ಣೆ ಕಾಳಿನ ಅಗಸೆ ಬೇರೆ. ಬೀಜ ಊರಿದರೆ ಬೇಗ ಏಳುತ್ತದೆ, ಸೊಪ್ಪು ರಾಸುಗಳಿಗೆ ಬಲು ಇಷ್ಟ. ಆದರೆ ನಮ್ಮವರು ತಪ್ಪುವುದು ಇಲ್ಲಿಯೇ: ಮೋಟು ಮಾಡಿ ಕಡಿದರೆ ಅಗಸೆ ಒಣಗಿಹೋಗುತ್ತದೆ. ನಡುಕಾಂಡ ಬಿಟ್ಟು ಪಕ್ಕದ ರೆಂಬೆಗಳನ್ನಷ್ಟೇ ಸವರಬೇಕು.

ಕಡಿದಷ್ಟೂ ಚಿಗುರುವುದು ಸುಬಾಬುಲ್. ಬೀಜದ ಸಿಪ್ಪೆ ಗಟ್ಟಿ. ಕುದಿಯುವ ನೀರನ್ನು ಒಲೆಯಿಂದ ಇಳಿಸಿ, ಕುದಿ ಆರಿದ ಮೇಲೆ ಬೀಜವನ್ನು ಎರಡು-ಮೂರು ನಿಮಿಷ ಅದ್ದಿ ತೆಗೆದು, ರಾತ್ರಿಯಿಡೀ ತಣ್ಣೀರಿನಲ್ಲಿ ನೆನೆಸಿ ಬಿತ್ತಿರಿ. ಗಿಡ ಆಳೆತ್ತರ ಮೀರಿದ ಮೇಲೆ ಮೂರಡಿ ಬಿಟ್ಟು ಕತ್ತರಿಸಿರಿ. ಎಳೆ ಸಸಿಯನ್ನು ಆಡಿನಿಂದ ಕಾಯುವುದೇ ದೊಡ್ಡ ಕೆಲಸ!

ಸುಬಾಬುಲ್ ಒಂದನ್ನೇ ಹೊಟ್ಟೆ ತುಂಬ ಹಾಕಬೇಡಿರಿ. ಇದರಲ್ಲಿ, ಅದರಲ್ಲೂ ಎಳೆ ಚಿಗುರು ಮತ್ತು ಬೀಜದಲ್ಲಿ, ಮೈಮೋಸಿನ್ ಎಂಬ ವಿಷಾಂಶವಿದೆ. ಅತಿಯಾದರೆ ಕೂದಲು ಉದುರುತ್ತದೆ, ಜೊಲ್ಲು ಸುರಿಯುತ್ತದೆ, ಗಂಟಲ ಗ್ರಂಥಿ ಊದಿಕೊಳ್ಳುತ್ತದೆ. ಹವಾಯಿಯ ಆಡುಗಳಿಗೆ ಈ ತೊಂದರೆ ಇಲ್ಲದ್ದನ್ನು ಕಂಡು, ಅವುಗಳ ಹೊಟ್ಟೆಯಲ್ಲಿದ್ದ, ಈ ವಿಷವನ್ನು ಮುರಿಯುವ ಸೂಕ್ಷ್ಮಾಣುಗಳನ್ನು 1980ರ ದಶಕದಲ್ಲಿ ಆಸ್ಟ್ರೇಲಿಯದ ದನಗಳಿಗೆ ಕೊಟ್ಟು ವಿಜ್ಞಾನಿಗಳು ಗೆದ್ದರು. ನಮ್ಮ ಕೊಟ್ಟಿಗೆಯಲ್ಲಿ ಅಳತೆಯೇ ಮದ್ದು. ಹಸಿ ಮೇವಿನಲ್ಲಿ ಮೂರನೇ ಒಂದು ಪಾಲು ಮೀರದಿರಲಿ, ಗಬ್ಬದ ರಾಸಿಗೆ ಇನ್ನೂ ಕಡಿಮೆ. ಕೂದಲು ಉದುರುವುದು ಕಂಡರೆ ಸೊಪ್ಪು ನಿಲ್ಲಿಸಿ, ಪಶುವೈದ್ಯರಿಗೆ ತೋರಿಸಿರಿ.

ಕಾಯಿ ಬಲಿಯಲು ಬಿಟ್ಟರೆ ಬೀಜ ಸಿಡಿದು ಪಕ್ಕದ ಹೊಲವೆಲ್ಲ ಸುಬಾಬುಲ್ ಆದೀತು, ನೆರೆಯವರೊಡನೆ ಜಗಳವೂ ಆದೀತು. ಹೂ ಬಿಡುತ್ತಿದ್ದಂತೆಯೇ ಕುಡುಗೋಲು ಹಾಕಿರಿ.