ಮೂಷಿಕ ಮತ್ತು ಧೂಳು

ಕೊರಿಯಾ ಯುದ್ಧದ ಕಾಲದಲ್ಲಿ (1950–53) ವಿಶ್ವಸಂಸ್ಥೆಯ ಪಡೆಗಳ ಸುಮಾರು ಮೂರು ಸಾವಿರ ಸೈನಿಕರು ಜ್ವರ, ರಕ್ತಸ್ರಾವ, ಮೂತ್ರಪಿಂಡಗಳ ವೈಫಲ್ಯಗಳಿಂದ ನರಳಿದರು. ಕಾರಣವಾವುದೆಂದು ವೈದ್ಯರಿಗೆ ತಿಳಿಯಲಿಲ್ಲ. 1976ರಲ್ಲಿ ಕೊರಿಯಾದ ವಿಜ್ಞಾನಿ ಲೀ ಹೋ-ವಾಂಗ್ ಅವರು ಹೊಲದ ಪಟ್ಟೆಯಿಲಿಯ ಶ್ವಾಸಕೋಶದಲ್ಲಿ ಅದರ ವೈರಾಣುವಿನ ಜಾಡನ್ನು ಪತ್ತೆಮಾಡಿದರು. ಅಲ್ಲಿನ ಹಂಟಾನ್ ನದಿಯ ಹೆಸರೇ ಅದಕ್ಕಾಯಿತು.

ಇಲಿಗೆ ಅದರಿಂದ ಬಾಧೆಯಿಲ್ಲ. ಅದರ ಮಲಮೂತ್ರ ಬೆರೆತ ಧೂಳು ಉಸಿರಿನೊಡನೆ ಒಳಹೊಕ್ಕಾಗ ಮನುಷ್ಯನಿಗೆ ಅಪಾಯ. 1993ರಲ್ಲಿ ಅಮೆರಿಕದ ನೈಋತ್ಯ ಭಾಗದಲ್ಲಿ ಇದೇ ಕುಲದ ಮತ್ತೊಂದು ವೈರಾಣು ಶ್ವಾಸಕೋಶಗಳನ್ನೇ ಆಕ್ರಮಿಸಿ, ದೃಢಕಾಯರಾದ ತರುಣರನ್ನೂ ಬಲಿತೆಗೆದುಕೊಂಡಿತು.

ಆದುದರಿಂದ ಬಹುಕಾಲ ಮುಚ್ಚಿದ್ದ ಉಗ್ರಾಣವನ್ನು ತೆರೆದೊಡನೆ ಪೊರಕೆ ಹಿಡಿಯಬಾರದು. ಮೊದಲು ಗಾಳಿಯಾಡಿಸಿ, ಕೈಗವಸು ತೊಟ್ಟು, ಹಿಕ್ಕೆಗಳನ್ನು ರೋಗಾಣುನಾಶಕ ದ್ರಾವಣದಿಂದ ನೆನೆಸಿ, ಬಳಿಕ ಒರೆಸಿ ತೆಗೆಯಬೇಕು. ಇಷ್ಟು ಎಚ್ಚರವನ್ನು ಉಪಾಧ್ಯಾಯರು ಮಕ್ಕಳಿಗೂ ತಿಳಿಸುವುದು ಯುಕ್ತ.